ಥರ್ಮಾಕೋಲಿನ ಕೆಳಗೆ ಕೆಂಡ

ಶಾಖದ ವಿಷಯದಲ್ಲಿ ನಮ್ಮ ಮನೆಯವರಿಗೆ ಯಾರೂ ಬುದ್ಧಿ ಹೇಳುವಂತಿಲ್ಲ. ಕರೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸ ಅವರದು. ಹಬೆ ಹೋಗುವ ಪೈಪುಗಳಿಗೆ ಗಾಜಿನ ಹತ್ತಿ ಸುತ್ತಿಸಿ, ಮೇಲೆ ತಗಡು ಹೊದಿಸಿ, ಬಿಸಿ ಸೋರಿಹೋಗದಂತೆ ಕಾಯುವುದರಲ್ಲೇ ಅವರ ಅರ್ಧ ಆಯುಷ್ಯ ಕಳೆದಿದೆ. ಮನೆಗೆ ಬಂದು ಊಟಕ್ಕೆ ಕೂತರೂ ಬಿಡುವುದಿಲ್ಲ. ಸಾರಿನ ಪಾತ್ರೆಯ ಮುಚ್ಚಳ ತೆಗೆದಿಟ್ಟಿದ್ದರೆ ನನಗೊಂದು ಪಾಠ, ಹಾಲಿನ ಪಾತ್ರೆಗೆ ಮುಚ್ಚಳ ಹಾಕಿದ್ದರೆ ಇನ್ನೊಂದು ಪಾಠ.

ಇಷ್ಟೆಲ್ಲ ತಿಳಿದ ಮಹಾನುಭಾವರು ಕಟ್ಟಿಸಿದ ಮನೆ ಮಾತ್ರ ಕಾದ ಕಾವಲಿ. ದಾವಣಗೆರೆಯ ಅಂಚಿನ ಬಡಾವಣೆ, ಒಂದೇ ಅಂತಸ್ತು, ನೆತ್ತಿಯ ಮೇಲೆ ಬೋಳು ಆರ್‌ಸಿಸಿ. ಮುಂದೆ ಮಹಡಿ ಕಟ್ಟುತ್ತೇವೆಂದು ಬಿಟ್ಟ ಕಂಬಿಗಳು ಇನ್ನೂ ತಾರಸಿಯ ಮೇಲೆ ತುಕ್ಕು ಹಿಡಿದು ನಿಂತಿವೆ. ಶಿವರಾತ್ರಿ ಕಳೆಯಿತೆಂದರೆ ಸ್ಲ್ಯಾಬು ಹಗಲೆಲ್ಲ ಬಿಸಿಲು ಕುಡಿದು, ಸಂಜೆಯಾದ ಮೇಲೆ ಅದನ್ನು ನಮ್ಮ ತಲೆಯ ಮೇಲೆ ಸುರಿಯುತ್ತದೆ. ಫ್ಯಾನು ಹಾಕಿದರೆ ಆ ಬಿಸಿಯನ್ನೇ ತಂದು ಮುಖಕ್ಕೆ ಬಡಿಯುತ್ತದೆ. ಕಟ್ಟುವಾಗ ನಾನು ಹಟ ಹಿಡಿದು ಮಾಡಿಸಿಕೊಂಡದ್ದು ಒಂದೇ, ನಡುಕೋಣೆಯ ಸ್ಲ್ಯಾಬಿಗೆ ತೊಟ್ಟಿಲು ತೂಗುಹಾಕುವ ಕಬ್ಬಿಣದ ಕೊಂಡಿ. ಮಗಳು ಆಗಲೇ ಶಾಲೆಗೆ ಹೋಗುತ್ತಿದ್ದಳು. ಅವಳ ಮಕ್ಕಳಿಗೆ ಬೇಕಾಗುತ್ತದೆ ಎಂದಿದ್ದೆ. ಎಲ್ಲರೂ ನಕ್ಕಿದ್ದರು.

ಆ ಮಗಳನ್ನು ಹರಿಹರಕ್ಕೆ ಕೊಟ್ಟೆವು. ಇರುವವಳು ಅವಳೊಬ್ಬಳೇ. ಅವಳ ಚೊಚ್ಚಲ ಹೆರಿಗೆ ಹೋಗಿ ಹೋಗಿ ಏಪ್ರಿಲ್ ತಿಂಗಳಿಗೆ ಬಿತ್ತು. ಬೀಗಿತ್ತಿ, ಅಂದರೆ ಅವಳ ಅತ್ತೆ, ಒಂದು ದಿನ ಫೋನು ಮಾಡಿದರು.

“ಅಕ್ಕಾರೆ, ತಪ್ಪು ತಿಳೀಬ್ಯಾಡ್ರಿ. ನಿಮ್ಮನಿ ಬಾಳ ಕಾಯ್ತೈತೆ ಅಂತ ನಿಮ್ಮ ಮಗಳೇ ಅಂತಾಳೆ. ನಮ್ದು ಹಳೇ ಹಂಚಿನ ಮನಿ, ಎತ್ತರ ಐತೆ, ಗಾಳಿ ಆಡತೈತೆ. ಬಾಣಂತನ ಇಲ್ಲೇ ಮಾಡಾನೇನ್ರಿ?”

ನನಗೆ ಮೈಯೆಲ್ಲ ಉರಿದುಹೋಯಿತು. ಚೊಚ್ಚಲ ಬಾಣಂತನ ತವರಿನದು. ಅದನ್ನೂ ಬೀಗರ ಮನೆಯಲ್ಲಿ ಮಾಡಿಸಿದರೆ ನಾನು ತಾಯಿ ಎಂದು ಹೇಳಿಕೊಳ್ಳುವುದು ಯಾತಕ್ಕೆ? ಮಗಳ ತಲೆಗೆ ನಾನೇ ಎಣ್ಣೆ ಹಚ್ಚಬೇಕು, ಮೊಮ್ಮಗುವಿನ ತೊಟ್ಟಿಲನ್ನು ನಾನೇ ತೂಗಬೇಕು. ಅದಕ್ಕಾಗಿ ನಾನು ವರ್ಷಗಟ್ಟಲೆ ಕಾದಿದ್ದೆ. “ಬ್ಯಾಡ್ರಿ, ಇಲ್ಲಿ ಎಲ್ಲಾ ವ್ಯವಸ್ಥೆ ಆಗೈತೆ” ಎಂದು ಹೇಳಿ ಫೋನಿಟ್ಟೆ. ವ್ಯವಸ್ಥೆ ಹಾಳಾಗಲಿ, ಒಂದು ಕೂಲರ್ ಕೂಡ ಇರಲಿಲ್ಲ.

ವಿಷಯ ಕಿವಿಗೆ ಬಿದ್ದದ್ದೇ ತಡ, ನಮ್ಮ ಬಾಯ್ಲರ್ ಪಂಡಿತರು ಎದ್ದು ನಿಂತರು. ಕೂಲರ್ ತರೋಣ ಎಂದರೆ ಅದು ದಡ್ಡರ ಕೆಲಸವಂತೆ. ಮೊದಲು ತಾರಸಿಗೆ ಬಿಳಿ ಬಣ್ಣ ಬಳಿಸಿದರು. ವಾರದೊಳಗೆ ಅದರ ಮೇಲೆ ಧೂಳು ಕೂತು ಕೆಂಪಗಾಯಿತು. ಆಮೇಲೆ ಪೇಟೆಯಿಂದ ಆಟೋ ತುಂಬ ಥರ್ಮಾಕೋಲು ಬಂತು. ನಡುಕೋಣೆಯ ಸ್ಲ್ಯಾಬಿನಿಂದ ಒಂದು ಮೊಳ ಕೆಳಗೆ ಚೌಕಟ್ಟು ಕಟ್ಟಿಸಿ, ಥರ್ಮಾಕೋಲು ಹಾಸಿ, ಅದರ ಕೆಳಗೆ ಹೊಳೆಯುವ ಹಲಗೆ ಹೊಡೆಸಿ, ಸಂದು ಕಂಡಲ್ಲೆಲ್ಲ ಅಂಟು ಮೆತ್ತಿಸಿದರು. ಗೋಡೆಯ ತುದಿಯಲ್ಲಿದ್ದ ವೆಂಟಿಲೇಟರುಗಳು ಆ ಸೀಲಿಂಗಿನ ಮೇಲೆ ಉಳಿದವು. ನನ್ನ ತೊಟ್ಟಿಲ ಕೊಂಡಿಯೂ ಅಲ್ಲೇ ಉಳಿಯಿತು.

“ರೀ, ಕೊಂಡಿ ಮುಚ್ಚಿಹೋತಲ್ರಿ. ಗಾಳಿಕಿಂಡಿನೂ ಮುಚ್ಚಿಹೋದ್ವು” ಎಂದೆ.

“ತೊಟ್ಟಿಲಿಗೆ ಸ್ಟೀಲ್ ಸ್ಟ್ಯಾಂಡ್ ಬರತೈತೆ. ಆ ಕಿಂಡಿಯಿಂದಾನೇ ಝಳ ಒಳಗ ಬರೋದು. ಇನ್ಸುಲೇಷನ್ ಅಂದ್ರೆ ಏನಂತ ತಿಳಕೊಂಡಿ? ಹೊರಗಿಂದು ಒಳಗ ಬರಂಗಿಲ್ಲ, ಒಳಗಿಂದು ಹೊರಗ ಹೋಗಂಗಿಲ್ಲ.”

“ಮತ್ತೆ ಖರ್ಚು?”

“ಎರಡು ಬೇಸಿಗಿಗೆ ವಸೂಲು.”

ಇದ್ದದ್ದನ್ನು ಇದ್ದಂತೆ ಹೇಳಬೇಕು, ಕೋಣೆ ತಣ್ಣಗಾಯಿತು. ಅದೇ ಕೆಟ್ಟದ್ದಾಯಿತು ನೋಡಿ. ಅವರ ಧಿಮಾಕು ಹಿಡಿಯುವವರೇ ಇಲ್ಲ. ಮಟಮಟ ಮಧ್ಯಾಹ್ನ ಅಕ್ಕಪಕ್ಕದವರನ್ನು ಕರೆತಂದು, ಮೊದಲು ಪಡಸಾಲೆಯಲ್ಲಿ ಬೆವರುವ ತನಕ ನಿಲ್ಲಿಸಿ, ಆಮೇಲೆ ಕೋಣೆಯ ಒಳಗೆ ಬಿಡುತ್ತಿದ್ದರು. “ಗೊತ್ತಾತೇನ್ರಿ ಫರಕು?” ಪಾಪ, ಅವರೂ ಗೊತ್ತಾಯಿತು ಎಂದು ತಲೆಯಾಡಿಸಿ, ಚಹಾ ಕುಡಿದು ಹೋಗುತ್ತಿದ್ದರು. ಚಹಾ ಮಾಡುವವಳು ಯಾರು? ಅದೇ ಬೆಂಕಿಯಂಥ ಅಡುಗೆಮನೆಯಲ್ಲಿ ನಾನು.

ಮಗಳು ಹೆಣ್ಣು ಹಡೆದು ಆಸ್ಪತ್ರೆಯಿಂದ ಮನೆಗೆ ಬಂದಳು. ಮೊದಲ ಕೆಲವು ದಿನ ಸುಖವಾಗಿಯೇ ಹೋದವು. ಕೂಸು ಸ್ಟೀಲ್ ಸ್ಟ್ಯಾಂಡಿನ ತೊಟ್ಟಿಲಲ್ಲಿ ಹಾಯಾಗಿ ಮಲಗುತ್ತಿತ್ತು. ಮಗಳ ತಲೆಗೆ ಎಣ್ಣೆ ಹಚ್ಚುತ್ತ ನಾನು ಬೀಗಿತ್ತಿಯ ಮಾತು ನೆನೆಸಿಕೊಂಡು ಒಳಗೊಳಗೇ ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಭಾನುವಳ್ಳಿಯಿಂದ ನಮ್ಮ ಅತ್ತೆ ಬಂದರು.

ನನ್ನ ತಾಯಿ ತೀರಿಹೋಗಿ ಬಹಳ ವರ್ಷವಾಯಿತು. ಹಾಗಾಗಿ ಬಾಣಂತನದ ಯಜಮಾನಿಕೆ ಅತ್ತೆಯದೇ ಎಂದು ಅತ್ತೆಯೇ ತೀರ್ಮಾನಿಸಿದ್ದರು. ಹರಿಹರದಲ್ಲಿ ಬಸ್ಸು ಬದಲಿಸಿಕೊಂಡು, ಒಂದು ಕೈಯಲ್ಲಿ ಕಬ್ಬಿಣದ ಅಗ್ಗಿಷ್ಟಿಕೆ, ಇನ್ನೊಂದು ಕೈಯಲ್ಲಿ ಬೇವಿನ ಸೊಪ್ಪು, ಕಂಡಕ್ಟರನ ಕೈಯಲ್ಲಿ ಇದ್ದಿಲ ಚೀಲ ಹಿಡಿಸಿಕೊಂಡು ಇಳಿದರು. ಬಂದವರೇ ಕಾಲು ತೊಳೆದು ಕೋಣೆಗೆ ಹೋಗಿ, ಹೊಸಿಲಿನಲ್ಲೇ ನಿಂತುಬಿಟ್ಟರು.

“ಅಯ್ಯ ಶಿವನೇ! ಇದೇನಿದು, ಇಷ್ಟು ತಂಪೈತಲ್ಲ! ಹಸೀ ಮೈ ಐತೆ ಹುಡುಗೀದು. ಥಂಡಿ ಹತ್ತಿ ಸನ್ನಿಗಿನ್ನಿ ಆದ್ರೆ ಯಾರವ್ವಾ ನೋಡೋರು?”

“ಅತ್ತೆ, ಏಪ್ರಿಲ್ ತಿಂಗಳು ರೀ ಇದು. ಹೊರಗ ಕಾಲಿಟ್ರೆ ಸುಡತೈತೆ. ಈಗ್ಯಾಕ್ರಿ ಕೆಂಡ?”

“ಒಂದು ಹಡದಾಕಿ ನೀನು, ಅದನ್ನೂ ಆಸ್ಪತ್ರ್ಯಾಗ. ನನಗ ಹೇಳಾಕ ಬಂದಿ.”

ಅತ್ತೆ ಹಡೆದದ್ದೆಲ್ಲ ಭಾನುವಳ್ಳಿಯ ಮಾಳಿಗೆ ಮನೆಯಲ್ಲಿ. ಮಣ್ಣು ಹೇರಿದ ದಪ್ಪ ಮಾಳಿಗೆ, ಕತ್ತಲು ಕೋಣೆ, ಮಂಚದ ಕೆಳಗೆ ಮೂರು ಹೊತ್ತೂ ಕೆಂಡ. ಅಲ್ಲಿ ಯಾರಿಗೂ ಏನೂ ಆಗಲಿಲ್ಲ, ನಿಜ. ಯಾಕೆಂದರೆ ಆ ಮಾಳಿಗೆಯ ನಡುವೆ ಒಂದು ಗವಾಕ್ಷಿ ಇತ್ತು. ಹೊಗೆ, ಝಳ ಎಲ್ಲ ಅದರೊಳಗಿಂದ ಆಕಾಶಕ್ಕೆ ಹೋಗುತ್ತಿತ್ತು. ಕೆಂಡದ ಮಹಿಮೆ ಕೊಂಡಾಡುವಾಗ ಅತ್ತೆ ಆ ಗವಾಕ್ಷಿಯ ಹೆಸರನ್ನು ಒಮ್ಮೆಯೂ ಎತ್ತಿದವರಲ್ಲ.

ಇವರಾದರೂ ಅಡ್ಡ ಬರುತ್ತಾರೆ ಎಂದು ಕಾದೆ. ಸಂಜೆ ಕೆಲಸದಿಂದ ಬಂದರು. ಕಾರ್ಖಾನೆಯಲ್ಲಿ ಹತ್ತು ಜನರನ್ನು ಗದರಿಸುವ ಗಂಡಸು ಅವ್ವನ ಮುಂದೆ ಬೆಕ್ಕಿನ ಮರಿ. ಬೇಡ ಎನ್ನುವುದು ಹಾಗಿರಲಿ, ಅಲ್ಲೂ ತಮ್ಮ ಸೀಲಿಂಗಿನ ಗುಣಗಾನಕ್ಕೆ ನಿಂತರು.

“ಚೂರೇ ಚೂರು ಕೆಂಡ ಸಾಕವ್ವ. ಈ ಕೋಣ್ಯಾಗಿನ ಬಿಸಿ ಎಲ್ಲೂ ಸೋರಂಗಿಲ್ಲ. ನಿನ್ನ ಇದ್ದಿಲೂ ಉಳಿತೈತೆ ನೋಡು!”

ಕೇಳಿದಿರಾ? ಬಿಸಿಲು ಒಳಗೆ ಬಾರದಿರಲಿ ಎಂದು ಮಾಡಿಸಿದ ಸೀಲಿಂಗು, ಈಗ ಒಳಗೆ ಬೆಂಕಿ ಇಟ್ಟು ಅದರ ಬಿಸಿ ಉಳಿಸುವುದಕ್ಕೆ! ಇಂಥ ಬುದ್ಧಿವಂತಿಕೆಗೆ ಯಾವ ಕಂಪನಿ ಸಂಬಳ ಕೊಡುತ್ತದೋ. ಅತ್ತೆ ಇದ್ದಿಲು ಉಳಿಸುವ ಪೈಕಿಯೂ ಅಲ್ಲ. ಮಾಳಿಗೆ ಮನೆಯಲ್ಲಿ ಎಷ್ಟು ಹಾಕುತ್ತಿದ್ದರೋ ಅಷ್ಟೇ ಇಲ್ಲೂ ಹಾಕಿದರು. ಮೇಲೆ ಸಾಂಬ್ರಾಣಿ ಹೊಗೆ. ಕಿಟಕಿಯ ಸಂದಿಗೆ ನನ್ನ ಹಳೇ ಸೀರೆ ತುರುಕಿದರು, ಬಾಗಿಲ ಬುಡಕ್ಕೆ ಗೋಣಿಚೀಲ ಒತ್ತಿದರು. ಮಗಳ ತಲೆಗೊಂದು ಮಫ್ಲರು, ಕೂಸಿಗೆ ಉಣ್ಣೆಯ ಕುಲಾವಿ. ನಾನು ಹೋಗಿ ಕಿಟಕಿ ತೆಗೆಯುವುದು, ಅತ್ತೆ ಬಂದು ಹಾಕುವುದು. ದಿನವೆಲ್ಲ ಇದೇ ಜಗಳ. ಕೂಸಿನ ಕುತ್ತಿಗೆ ತುಂಬ ಬೆವರುಸಾಲೆ ಎದ್ದಿತು. “ಕಾವು ಹತ್ತಿದ ಗುರುತು, ಒಳ್ಳೇದು” ಎಂದರು ಅತ್ತೆ.

ಒಂದು ಮಧ್ಯಾಹ್ನ ಹಿತ್ತಿಲಲ್ಲಿ ಕೂಸಿನ ಬಟ್ಟೆ ಒಣಹಾಕುತ್ತಿದ್ದೆ. ಅತ್ತೆ ಪಡಸಾಲೆಯ ಫ್ಯಾನಿನ ಕೆಳಗೆ ಗೊರಕೆ ಹೊಡೆಯುತ್ತಿದ್ದರು. ಕೋಣೆಯೊಳಗಿಂದ ಮಗಳು ಕರೆದಂತಾಯಿತು. ಕೂಗಲ್ಲ ಅದು, ನರಳಾಟ. ಓಡಿಹೋಗಿ ಬಾಗಿಲು ದೂಡಿದರೆ ಝಳ ಮುಖಕ್ಕೆ ರಾಚಿತು. ಮಗಳು ಮಂಚದಿಂದ ಅರ್ಧ ಕೆಳಗೆ ಜಾರಿದ್ದಳು.

“ಅಮ್ಮ, ತಲೆ ಸಿಡೀತೈತೆ. ಕೂಸು ನೋಡಮ್ಮ, ಅಳ್ತಾನೇ ಇಲ್ಲ.”

ಕೂಸು ಕೆಂಪಗಾಗಿತ್ತು. ಎತ್ತಿಕೊಂಡರೆ ಕೈಕಾಲು ಜೋತುಬಿದ್ದವು. ಅಷ್ಟು ಚಿಕ್ಕ ಮೈ ಅಷ್ಟು ಬಿಸಿ ಇರಬಹುದೆಂದು ನಾನು ಎಂದೂ ಎಣಿಸಿರಲಿಲ್ಲ. ಕುಲಾವಿ ಕಿತ್ತೆಸೆದೆ, ಅಗ್ಗಿಷ್ಟಿಕೆಯನ್ನು ಇಕ್ಕಳದಲ್ಲಿ ಎಳೆದು ಅಂಗಳಕ್ಕೆ ತಳ್ಳಿದೆ, ಇಬ್ಬರನ್ನೂ ಪಕ್ಕದ ಮನೆಯವರ ಆಟೋದಲ್ಲಿ ಕೂರಿಸಿಕೊಂಡು ಮಕ್ಕಳ ಡಾಕ್ಟರ ಹತ್ತಿರ ಹೋದೆ. ದಾರಿಯುದ್ದಕ್ಕೂ ಸೆರಗು ಒದ್ದೆ ಮಾಡಿ ಕೂಸಿನ ಮೈ ಒರೆಸುತ್ತ, ಬಾಯಿಗೆ ಬಂದಂತೆ ಎಲ್ಲರನ್ನೂ ಬಯ್ಯುತ್ತಿದ್ದೆ.

ಡಾಕ್ಟರಮ್ಮ ಕೂಸನ್ನು ನೋಡಿ, ಮೂಗಿಗೆ ನಳಿಕೆ ಹಾಕಿ, ಮಗಳಿಗೂ ಆಕ್ಸಿಜನ್ ಇಟ್ಟು, ಆಮೇಲೆ ನನ್ನ ಕಡೆ ತಿರುಗಿದರು. “ಯಾವ ರೋಗನೂ ಇಲ್ಲ. ಮಗೂನ ಬೇಯಿಸಿದೀರಿ, ಅಷ್ಟೇ. ಮುಚ್ಚಿದ ರೂಮಲ್ಲಿ ಇದ್ದಿಲು ಉರಿಸ್ತಾರೇನ್ರಿ ಯಾರಾದ್ರೂ? ಇನ್ನಷ್ಟು ತಡ ಆಗಿದ್ರೆ ಇಬ್ಬರೂ ಉಳೀತಿರ್ಲಿಲ್ಲ.” ನಾನು ಅಲ್ಲೇ ಬೆಂಚಿನ ಮೇಲೆ ಕೂತು ಇವರಿಗೆ ಫೋನು ಮಾಡಿದೆ.

ಅತ್ತೆ, ಇವರು, ತಾಯಿ ಮಗ ಇಬ್ಬರೂ ಆಸ್ಪತ್ರೆಗೆ ಓಡಿಬಂದರು. ಬಂದವರು ವರಾಂಡದಲ್ಲಿ ನಿಂತು ಏನು ಮಾಡಿದರು ಗೊತ್ತೇ? ವಾದ.

“ಅಷ್ಟೊಂದು ಕೆಂಡ ಯಾಕ ಹಾಕಿದಿ ಅವ್ವ? ಚೂರೇ ಅಂತ ಹೇಳಿದ್ನೋ ಇಲ್ಲೋ?”

“ನನ್ನ ಕೆಂಡಕ್ಕೇನಾಗೈತೋ? ನಿನ್ನನ್ನೂ ಅದ್ರಾಗೇ ಕಾಸಿ ದೊಡ್ಡಾವನ್ನ ಮಾಡೀನಿ. ನಿನ್ನ ಆ ಬೆಂಡಿನ ಚಾವಣೀನೇ ಸರಿ ಇಲ್ಲ.”

“ಸೀಲಿಂಗ್ ಏನ್ ಮಾಡತೈತೆ? ಅದರ ಕೆಲಸ ಅದು ಮಾಡೈತೆ!”

ಅದೇ ಮಾತು. ಅದರ ಕೆಲಸ ಅದು ಮಾಡಿತ್ತು. ಒಳಗಿನದನ್ನು ಒಂದಿಷ್ಟೂ ಹೊರಗೆ ಬಿಟ್ಟಿರಲಿಲ್ಲ. ನರ್ಸು ಬಂದು ಗದರಿಸುವ ತನಕ ಇಬ್ಬರೂ ಬಾಯಿ ಮುಚ್ಚಲಿಲ್ಲ. ಒಬ್ಬರಾದರೂ ಕೂಸು ಹೇಗಿದೆ ಎಂದು ಮೊದಲು ಕೇಳಬಾರದಿತ್ತೇ?

ಕೂಸು ಸಂಜೆಯ ಹೊತ್ತಿಗೆ ಕಣ್ಣು ಬಿಟ್ಟಿತು. ಮಾರನೆಯ ದಿನ ಹಾಲು ಕುಡಿಯಿತು, ಅತ್ತಿತು. ಆ ಅಳು ಕೇಳಿ ನನಗೂ ಅಳು ಬಂತು. ಹರಿಹರದಿಂದ ಅಳಿಯ, ಬೀಗಿತ್ತಿ ಬಂದರು. ಬೀಗಿತ್ತಿ ಬಟ್ಟೆಬರೆ ತರಲು ನನ್ನ ಜೊತೆ ಮನೆಗೆ ಬಂದು ಆ ಕೋಣೆಯಲ್ಲಿ ನಿಂತರು. ಮೇಲೆ ಹೊಳೆಯುವ ಸೀಲಿಂಗು ನೋಡಿದರು. ಕಿಟಕಿಗೆ ತುರುಕಿದ ಸೀರೆ ನೋಡಿದರು. ನೆಲದ ಮೇಲೆ ಅಗ್ಗಿಷ್ಟಿಕೆ ಇಟ್ಟ ಕಪ್ಪು ಕಲೆ ನೋಡಿದರು. ಈಗ ಬಯ್ಯುತ್ತಾರೆ ಎಂದುಕೊಂಡೆ. ಬೈದಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ.

“ಬಿಸಿಲನ್ನ ಹೊರಗಿಟ್ಟು ಬೆಂಕೀನ ಒಳಗಿಟ್ಟೀರಲ್ರಿ ಅಕ್ಕಾರೆ” ಎಂದಷ್ಟೇ ಹೇಳಿ, ಕೂಸಿನ ಬಟ್ಟೆ ಮಡಚತೊಡಗಿದರು.

ಕೆಂಡ ಇನ್ನು ಮನೆಯೊಳಗೆ ಕಾಲಿಡದು, ಅತ್ತೆಯನ್ನು ಊರಿಗೆ ಕಳಿಸುತ್ತೇನೆ, ಬೇಕಾದರೆ ಆ ಸೀಲಿಂಗನ್ನೇ ಕೀಳಿಸುತ್ತೇನೆ ಎಂದೆಲ್ಲ ಆಸ್ಪತ್ರೆಯಲ್ಲಿ ಮಗಳ ಮುಂದೆ ಹೇಳಿದೆ. ಅವಳು ಕೂಸಿನ ಅಂಗಾಲು ಸವರುತ್ತ ಕೇಳಿಸಿಕೊಂಡಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು.

“ಅಮ್ಮ, ನಾನು ಹರಿಹರಕ್ಕೇ ಹೋಗ್ತೀನಿ.”

ಆಸ್ಪತ್ರೆಯಿಂದಲೇ ಹೋದಳು. ಅತ್ತೆ ಅಗ್ಗಿಷ್ಟಿಕೆ ಹಿಡಿದುಕೊಂಡು ಭಾನುವಳ್ಳಿಯ ಬಸ್ಸು ಹತ್ತಿದರು, ಈಗಿನ ಹುಡುಗಿಯರ ಮೈಯಲ್ಲೇ ಕಸುವಿಲ್ಲ ಎಂದು ಬಸ್‌ಸ್ಟ್ಯಾಂಡಿನವರಿಗೆಲ್ಲ ಕೇಳುವ ಹಾಗೆ ಹೇಳಿ. ಇವರು ಕೆಲಸದಿಂದ ಬಂದು ಊಟ ಮುಗಿಸಿ ಆ ಕೋಣೆಗೆ ಹೋಗಿ ಮಲಗುತ್ತಾರೆ. ಮೇ ತಿಂಗಳ ಬೇಗೆಯಲ್ಲಿ ಊರೆಲ್ಲ ಹೊರಳಾಡುತ್ತಿದ್ದರೆ ಇವರ ಮೈಮೇಲೆ ಚಾದರ. ಖಾಲಿ ತೊಟ್ಟಿಲ ಸ್ಟ್ಯಾಂಡಿಗೆ ತಮ್ಮ ಅಂಗಿ ನೇತುಹಾಕುತ್ತಾರೆ.

ಮೊನ್ನೆ ಭಾನುವಾರ ಮಧ್ಯಾಹ್ನ ಮಗಳು ಫೋನು ಮಾಡಿದ್ದಳು. ಹಿಂದೆ ಕೂಸು ಊಂ ಊಂ ಅನ್ನುತ್ತಿತ್ತು.

“ತೊಟ್ಟಿಲು ಎಲ್ಲಿ ಕಟ್ಟೀರೇ?” ಎಂದು ಕೇಳಿದೆ.

“ನಡುಮನೆ ತೊಲೆಗೆ ಕಟ್ಟೀವಮ್ಮ. ಅತ್ತೆ ತೂಗ್ತಾ ಇದಾರೆ.” ಆಮೇಲೆ ಕೇಳಿದಳು, “ಅಲ್ಲಿ ಹೆಂಗೈತೆ ಸೆಕೆ?”

ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಚಾದರ ಹೊದ್ದು ಮಲಗಿದ್ದ ಇವರ ಕಾಲುಗಳು ಕಾಣುತ್ತಿದ್ದವು.

“ಇಲ್ಲಿ ತಂಪೈತವ್ವ” ಎಂದೆ. “ನಿನ್ನ ಕೋಣ್ಯಾಗ ಬಾಳ ತಂಪೈತೆ.”