ಚಿರತೆಯ ಬಾಣಂತನ ಉಳಿಸಿದ ಬೆಕ್ಕಿನ ಡಾಕ್ಟರಮ್ಮ

ಬೆಕ್ಕುಜಾತಿಯ ಪ್ರಾಣಿಗಳ ಹೊಟ್ಟೆಯೊಳಗಿನ ಪರೋಪಜೀವಿಗಳ ಅಧ್ಯಯನವೆಂದೊಡನೆ ನಮ್ಮ ಪಶುವೈದ್ಯ ವಲಯದಲ್ಲಿ ಮೊದಲು ನೆನಪಾಗುವವರು, ಈ ತಿಂಗಳು ಸೇವೆಯಿಂದ ನಿವೃತ್ತರಾಗುತ್ತಿರುವ ಹಿರಿಯ ಪ್ರಾಧ್ಯಾಪಕಿಯವರು. ಕಡತಗಳಲ್ಲಿ ಅವರ ಪದನಾಮ ಎಷ್ಟೇ ಉದ್ದವಿದ್ದರೂ, ಕಾಲೇಜಿನ ಗೇಟಿನಿಂದ ಮೃಗಾಲಯದ ಅಡುಗೆಮನೆಯವರೆಗೆ ಎಲ್ಲರ ಬಾಯಲ್ಲೂ ಅವರು ಬೆಕ್ಕಿನ ಡಾಕ್ಟರಮ್ಮ.

ಆ ಹೆಸರು ಹುಟ್ಟಿದ್ದು ಗೇಲಿಗೆ. ಜೊತೆಯವರು ಹಸು, ಕುದುರೆಗಳ ಮೇಲೆ ಪ್ರಬಂಧ ಬರೆದು ಬಡ್ತಿ ಪಡೆಯುತ್ತಿದ್ದ ಕಾಲದಲ್ಲಿ ಇವರು ಚಮಚ, ಡಬ್ಬಿ ಹಿಡಿದು, ಮೀನಂಗಡಿಯ ಹಿಂದೆ, ಕಸದ ತೊಟ್ಟಿಯ ಪಕ್ಕ, ಬೀದಿ ಬೆಕ್ಕುಗಳ ಮಲ ಸಂಗ್ರಹಿಸುತ್ತ ಅಲೆದರು. ಮೂಗು ಮುಚ್ಚಿಕೊಂಡು ದಾಟಿದವರೆಷ್ಟೋ, ತಲೆ ನೆಟ್ಟಗಿದೆಯೇ ಎಂದು ವಿಚಾರಿಸಿದವರೆಷ್ಟೋ. "ನಮ್ಮನೇಲಿ ಫ್ರಿಜ್ ತೆಗೆದ್ರೆ ಮೊದಲು ಚೀಟಿ ಓದ್ಬೇಕು, ಇಲ್ದಿದ್ರೆ ಬೆಣ್ಣೆ ಬದಲು ಇನ್ನೇನೋ ಕೈಗೆ ಬರುತ್ತೆ" ಎಂದು ಅವರ ಯಜಮಾನರು ನೆಂಟರನ್ನು ನಗಿಸುತ್ತಿದ್ದರು. ಡಬ್ಬಿಗಳ ಚೀಲ ಹೊತ್ತ ಹೆಂಡತಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತಿಸುತ್ತಿದ್ದವರೂ ಅವರೇ.

ಆ ಅಲೆದಾಟದ ಬೆಲೆ ತಿಳಿದದ್ದು ಮೃಗಾಲಯದ ಹೆಣ್ಣು ಚಿರತೆ ಎರಡು ಮರಿ ಹಾಕಿದ ವರ್ಷ. ಅದರ ಮಲದಲ್ಲಿ ಪರೋಪಜೀವಿಯ ಮೊಟ್ಟೆಯಂಥ ಕೋಶಗಳು ಕಂಡವು. ಅಲ್ಲಿ ಸುಳಿಯುವ ಬೀದಿ ಬೆಕ್ಕುಗಳಿಂದ ತಗುಲಿದ ಸೋಂಕೆಂದು ವರದಿಯಾಯಿತು. ಮರಿಗಳಿಗೂ ಅಂಟೀತೆಂದು ಅವನ್ನು ತಾಯಿಯಿಂದ ಬೇರ್ಪಡಿಸಿ ಬಾಟಲಿ ಹಾಲು ಕುಡಿಸತೊಡಗಿದರು. ತಾಯಿಗೆ ಎಷ್ಟು ಔಷಧಿ ಕೊಟ್ಟರೂ ಕೋಶಗಳು ಹೋಗಲಿಲ್ಲ. ಅದು ಆಹಾರವನ್ನು ಸರಿಯಾಗಿ ಮುಟ್ಟದೆ ಬಾಗಿಲಿಗೆ ಮೈ ಉಜ್ಜುತ್ತ ಕೂಗುತ್ತಿತ್ತು. ಇನ್ನೂ ತಡವಾದರೆ ಹಾಲು ಬತ್ತುತ್ತಿತ್ತು, ಆಮೇಲೆ ಮರಿಗಳನ್ನು ತನ್ನವೆಂದು ಅದು ಒಪ್ಪುವುದೂ ಅನುಮಾನವಾಗಿತ್ತು.

ಕರೆ ಹೋದೊಡನೆ ಬಂದ ಡಾಕ್ಟರಮ್ಮ ಆ ಕೋಶಗಳನ್ನು ಒದ್ದೆ ತಟ್ಟೆಯಲ್ಲಿಟ್ಟು, ಮಾಗುವವರೆಗೆ ಕಾದು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಬೆಕ್ಕುಜಾತಿಯದಾದರೆ ಪ್ರತಿ ಕೋಶದೊಳಗೆ ಕಾಳಿನಂಥ ಚೀಲ ಎರಡಿರಬೇಕು. ಇಲ್ಲಿದ್ದವು ನಾಲ್ಕು. ಬೀದಿ ಬೆಕ್ಕುಗಳದನ್ನು ವರ್ಷಗಟ್ಟಲೆ ನೋಡಿ ಪಳಗಿದ ಕಣ್ಣಿಗೆ ಅನುಮಾನವೇ ಉಳಿಯಲಿಲ್ಲ. ಚಿರತೆಯ ಪಾಲಕನನ್ನು ಕರೆದು ಕೇಳಿದರು:

"ಇವಳಿಗೆ ತಿನ್ನೋಕೆ ಏನ್ ಕೊಡ್ತಿದ್ರಪ್ಪ?"

"ಹೆತ್ತವಳಲ್ವಾ ಡಾಕ್ಟರಮ್ಮ, ಮೆತ್ತಗಿರ್ಲಿ ಅಂತ ಮೊಲ ಹಾಕ್ತಿದ್ದೆ, ಕರುಳು ಸಮೇತ. ಈಗ ಅದನ್ನೂ ಮೂಸಿ ಬಿಡ್ತಾಳೆ, ಒಂದೆರಡು ತುತ್ತು ಹೋದ್ರೆ ಹೆಚ್ಚು."

"ಸರಿಹೋಯ್ತು! ರೋಗ ಮೊಲದ್ದು, ಜೈಲು ಇವಳಿಗೆ!"

ಮೊಲದ ಪರೋಪಜೀವಿ ಚಿರತೆಯ ಹೊಟ್ಟೆಯಲ್ಲಿ ಬೇರೂರದೆ, ಬಂದ ಹಾಗೆ ಹೊರಗೆ ಹೋಗುತ್ತಿತ್ತು. ಮೊಲ ನಿಲ್ಲಿಸಿದೊಡನೆ ಕೋಶಗಳೂ ನಿಂತವು. ವರದಿ ಬರೆದ ಹೊಸ ಪ್ರಯೋಗಾಲಯ ಸಹಾಯಕಿ ಬೈಗುಳ ನಿರೀಕ್ಷಿಸುತ್ತ ಮೂಲೆಯಲ್ಲಿ ನಿಂತಿದ್ದಳು. "ಬೆಕ್ಕಿಂದು ಸಾವಿರ ನೋಡಿದ್ಮೇಲೇ ನನಗೂ ತಿಳಿದಿದ್ದು. ಬಾರಮ್ಮ, ನೀನೂ ನೋಡು" ಎಂದು ಡಾಕ್ಟರಮ್ಮ ತಮ್ಮ ಕುರ್ಚಿ ಬಿಟ್ಟುಕೊಟ್ಟರು. ಆಕೆಯೇ ಇಂದು ಆ ಪ್ರಯೋಗಾಲಯದ ಮುಖ್ಯಸ್ಥೆ ಎನ್ನುವುದು ನಮಗೆಲ್ಲ ಹೆಮ್ಮೆ.

ಮರಿಗಳನ್ನು ಒಳಗೆ ಬಿಡಲು ಮಾತ್ರ ಮೃಗಾಲಯದ ನಿರ್ದೇಶಕರಿಗೆ ಧೈರ್ಯವಾಗಲಿಲ್ಲ. "ಮನುಷ್ಯರ ವಾಸನೆ ಹತ್ತಿದೆ. ಕಚ್ಚಿ ಸಾಯಿಸಿದ್ರೆ ಯಾರು ಹೊಣೆ?"

"ನಾನು. ಬಾಗಿಲು ತೆಗೀರಿ."

ಬಾಗಿಲು ಸರಿಯಿತು. ಚಿರತೆ ಮೊದಲ ಮರಿಯನ್ನು ಮೂಸಿತು, ಹಿಂದೆ ಸರಿಯಿತು, ಮತ್ತೆ ಮೂಸಿತು. ಆಮೇಲೆ ಅದು ಮರಿಯ ತಲೆಯಿಂದ ಬಾಲದವರೆಗೆ ನೆಕ್ಕಿ, ಪಕ್ಕಕ್ಕೆ ಉರುಳಿ, ಎರಡಕ್ಕೂ ಹೊಟ್ಟೆ ಚಾಚಿತು. ಜೀವಮಾನದಲ್ಲಿ ಯಾರೆದುರೂ ಕಣ್ಣೀರು ಹಾಕದ ಡಾಕ್ಟರಮ್ಮ ಅಂದು ಕಂಬಿ ಹಿಡಿದು ಅತ್ತುಬಿಟ್ಟರು.

ಅವರಿಗೆ ನೂರು ವರ್ಷ ಆಯುಸ್ಸಿರಲಿ, ಆರೋಗ್ಯವಿರಲಿ, ಕಣ್ಣಿನ ಚುರುಕು ಕುಂದದಿರಲಿ. ನಿವೃತ್ತಿಯ ವಿಶ್ರಾಂತಿಯನ್ನು ಮಾತ್ರ ನಾವು ಹಾರೈಸುತ್ತಿಲ್ಲ. ತಪ್ಪಿಲ್ಲದೆ ಬಾಗಿಲ ಹಿಂದೆ ಕಾಯುತ್ತಿರುವ ತಾಯಂದಿರು ಇನ್ನೂ ಇದ್ದಾರೆ.