ಹಳೇ ಸ್ಕೂಲ್ ವ್ಯಾನಿನ ಸ್ಪೀಕರು

ಅಣ್ಣಿಗೇರಿಯ ದಾವೂದಸಾಬನಿಗೆ ಕೆಟ್ಟದಾಗಿ ಮಾಡಿದ ಕೆಲಸ ಕಂಡರೆ ಸಹಿಸಲಾಗುತ್ತಿರಲಿಲ್ಲ. ಗಾಡಿಗಳಿಗೆ ಸ್ಟೀರಿಯೊ, ಸ್ಪೀಕರು ಕೂಡಿಸುವುದು ಮೂವತ್ತು ವರ್ಷದಿಂದ ಅವನ ಕಸುಬು. ಬೇರೆಯವರು ಸುತ್ತಿದ ವಾಯರು ಕಣ್ಣಿಗೆ ಬಿದ್ದರೆ ಸಾಕು, ಅನ್ನದಲ್ಲಿ ಕೂದಲು ಸಿಕ್ಕವನ ಹಾಗೆ ಮುಖ ಕಿವುಚುತ್ತಿದ್ದ. ಗಿರಾಕಿಯ ಮುಂದೆಯೇ ಬೈಯುತ್ತಿದ್ದ. ಟ್ರ್ಯಾಕ್ಟರಿಗೆ ಎದೆ ಗುದ್ದುವಂಥ ಸ್ಪೀಕರು ಡಬ್ಬಿ ಬೇಕೆಂದು ಬಂದವರನ್ನು ಈಚೆಗೆ ಅಂಗಡಿಯ ಮೆಟ್ಟಿಲಿಂದಲೇ ವಾಪಸು ಕಳಿಸುತ್ತಿದ್ದ.

ಹೋದ ಮಾರ್ಚಿನಲ್ಲಿ ಯರಗುಪ್ಪಿಯ ಹನಮಂತಪ್ಪ ತನ್ನ ವ್ಯಾನು ತಂದು ಅವನ ಅಂಗಡಿ ಮುಂದೆ ನಿಲ್ಲಿಸಿದ. ಬಸ್ಸು ಓಡಿಸಿ ನಿವೃತ್ತನಾದವನು. ಒಂದು ಶಾಲೆಯ ಹಳೆಯ ವ್ಯಾನು ಕೊಂಡು, ಸೀಟುಗಳನ್ನು ಕಿತ್ತು, ಹಲಗೆಯ ಮಂಚ, ಗ್ಯಾಸಿನ ಒಲೆ, ನೀರಿನ ಟಾಕಿ ಇಟ್ಟು ಅದನ್ನು ಮನೆ ಮಾಡಿಕೊಂಡಿದ್ದ. ಹೆಂಡತಿ ದುರ್ಗವ್ವನ ಜೊತೆ ಅದರಲ್ಲೇ ಊರೂರು ತಿರುಗುತ್ತಿದ್ದ.

“ಮುಂದಿನ ಬಾಗಲದಾಗ ಸ್ಪೀಕರ ಅದಾವ್ರಿ ಸಾಬರ. ಆದ್ರ ಬರೇ ಗೊರ್ ಗೊರ್ ಅಂತಾವು,” ಎಂದ ಹನಮಂತಪ್ಪ. “ತಗದು ಹೊಸಾವು ಹಾಕ್ರಿ. ಹಿಂದ ಮಂಚದ ಬಾಜೂಕ ಎರಡು ಸಣ್ಣೂ ಬೇಕು.”

“ಪದದಾಗಿನ ಮಾತು ನನಗ ತಿಳೀಬೇಕ್ರಿ,” ಎಂದಳು ದುರ್ಗವ್ವ. “ಧಡ್ ಧಡ್ ಅನ್ನೂದು ಬ್ಯಾಡ.”

ದಾವೂದಸಾಬನಿಗೆ ಆ ಮಾತು ಹಿಡಿಸಿತು. ಖುಷಿಯಿಂದಲೇ ಎಡಬಾಗಿಲಿನ ಒಳಹಲಗೆಯ ಸ್ಕ್ರೂ ಬಿಚ್ಚಿ ಎಳೆದ. ಒಳಗಿನಿಂದ ಗಪ್ಪನೆ ವಾಸನೆ ಹೊಡೆಯಿತು. ಇಲಿ ಸ್ಪಂಜು ಕಡಿದು ಗೂಡು ಕಟ್ಟಿತ್ತು; ಅದರಲ್ಲಿ ಎರಡು ಮರಿಗಳು ಒಣಗಿ ಸೆಟೆದುಕೊಂಡಿದ್ದವು. ಸ್ಪೀಕರಿನ ತೂತನ್ನು ಉಳಿಯಿಂದ ಹೊಡೆದು ಮಾಡಿದ್ದರು. ತಗಡಿನ ಅಂಚು ಹಲ್ಲುಹಲ್ಲಾಗಿ ತುಕ್ಕು ತಿಂದಿತ್ತು. ವಾಯರುಗಳನ್ನು ಬರೀ ಹೊಸೆದು ಟೇಪು ಸುತ್ತಿದ್ದು ಕರಗಿ, ಅಂಟಂಟಾಗಿ ಬೆರಳಿಗೆ ಹತ್ತಿತು. ಡ್ಯಾಶ್‌ಬೋರ್ಡಿನ ಹಿಂದೆ ಕೈ ಹಾಕಿದರೆ ಇನ್ನೂ ಹೊಲಸು: ಹೆಡ್‌ಲೈಟಿನ ವಾಯರಿನಿಂದ ನೇರವಾಗಿ ಕರೆಂಟು ಎಳೆದಿದ್ದರು, ನಡುವೆ ಫ್ಯೂಜಿನ ಸುಳಿವಿಲ್ಲ. ಒಂದು ಗೇಣು ವಾಯರು ಸುಟ್ಟು ಕರಿಕಾಗಿತ್ತು.

“ಥೂ! ಯಾ ಹೊಲಸ ಕೈ ಮಾಡೇತ್ರಿ ಇದನ್ನ?” ದಾವೂದಸಾಬ ಎದ್ದು ಹೊರಗೆ ಹೋಗಿ ಉಗುಳಿ ಬಂದ. “ನನಗ ಗೊತ್ತೈತಿ ತಗೋರಿ. ಇದು ಯುನೂಸನ ಕೆಲಸ. ಬಸ್‌ಸ್ಟ್ಯಾಂಡ್ ಹಂತ್ಯಾಕ ಬಣ್ಣದ ಲೈಟ್ ಹಚ್ಚಿಕೊಂಡು ಕುಂತಾನಲ್ಲ, ಅವಂದ.”

ಯುನೂಸ್ ಮೊದಲು ಇವನ ಹತ್ತಿರವೇ ಕೆಲಸ ಕಲಿತವನು. ಎಂಟು ವರ್ಷದ ಹಿಂದೆ ಒಂದು ದಿನ ಹೇಳದೆ ಕೇಳದೆ ಬರುವುದನ್ನು ಬಿಟ್ಟ. ಮುಂದೆ ತಾನೇ ಅಂಗಡಿ ಹಾಕಿದ. ದುಡ್ಡಿನಾಸೆಗೆ ಬಿಟ್ಟು ಹೋದ ಎಂದು ದಾವೂದಸಾಬ ಊರೆಲ್ಲ ಹೇಳಿಕೊಂಡು ಬಂದಿದ್ದ.

ದುರ್ಗವ್ವ ಸುಟ್ಟ ವಾಯರು ನೋಡಿ ಹಿಂದೆ ಸರಿದಳು. “ಗಾಡಿ ಮಾರಿದವ್ರು ಹೇಳಿದ್ರು. ಒಮ್ಮೆ ಮೊರಬದ ಹಾದ್ಯಾಗ ಮುಂದ ಹೊಗಿ ಬಂತಂತ. ಡ್ರೈವರ ಹುಡುಗರನ್ನೆಲ್ಲಾ ಇಳಿಸಿ ಹೊಲದಾಗ ನಿಂದರಿಸಿದ್ನಂತ. ಇದ ಇರಬೇಕು ನೋಡ್ರಿ.”

ಗಂಡಹೆಂಡತಿ ಚಹಾ ಕುಡಿಯಲು ಹೋದರು. ದಾವೂದಸಾಬ ಬೈಯುತ್ತಲೇ ಸ್ಪೀಕರು ಬಿಚ್ಚಿ, ಅದರ ಹಿಂದಿನ ಅಯಸ್ಕಾಂತಕ್ಕೆ ಮೆತ್ತಿದ್ದ ಹೊಲಸನ್ನು ಅರಿವೆಯಿಂದ ಒರೆಸಿದ. ಹಸಿರು ಬಣ್ಣದ ಎರಡು ಅಕ್ಷರ ಕಂಡವು: ದಾ. ಸಾ. ಕೆಳಗೆ ತಿಂಗಳು, ಎಂಟು ವರ್ಷದ ಹಿಂದಿನ ಇಸವಿ. ತಾನು ಕೂಡಿಸಿದ ಪ್ರತಿ ಸ್ಪೀಕರಿನ ಹಿಂದೆ ಅವನು ಹಾಕುತ್ತಿದ್ದ ಗುರುತು ಅದು.

ಎಲ್ಲವೂ ನೆನಪಾಯಿತು. ಆ ವರ್ಷ ಅವನು ‘ಒಂದೇ ತಾಸಿನಲ್ಲಿ ಫಿಟಿಂಗ್’ ಎಂದು ಬೋರ್ಡು ಬರೆಸಿದ್ದ. ಶಾಲೆ ಸುರುವಾಗುವ ಹೊತ್ತು, ಒಂದೇ ದಿನ ಮೂರು ವ್ಯಾನು ಬಂದಿದ್ದವು; ಇದೂ ಅವುಗಳಲ್ಲೊಂದು. ಇಲಿಯ ಗೂಡು ನೋಡಿದಾಗ ಬಂದ ಹೇಸಿಗೆ ಇದರ ಮುಂದೆ ಏನೂ ಅಲ್ಲ. ಸ್ಕ್ರೂಡ್ರೈವರ್ ತೆಗೆದುಕೊಂಡು ಆ ಅಕ್ಷರಗಳನ್ನು ಗರಗರ ಕೆರೆದು ಹಾಕಿದ. ಹಸಿರು ಬಣ್ಣ ಉಗುರಿನ ಸಂದಿಯಲ್ಲಿ ಸೇರಿಕೊಂಡಿತು.

ಹನಮಂತಪ್ಪ ಮೀಸೆ ಒರೆಸಿಕೊಳ್ಳುತ್ತ ಬಂದ. “ಚಾದಂಗಡ್ಯಾಗ ಎಲ್ಲಾರ ಮುಂದ ಹೇಳಿ ಬಂದೇನ್ರಿ, ಆ ಯುನೂಸನ ಕಡಿ ಯಾರೂ ಹೋಗಬ್ಯಾಡ್ರಿ ಅಂತ.”

ದಾವೂದಸಾಬ ಕೆರೆದ ಸ್ಪೀಕರನ್ನು ಅರಿವೆಯಲ್ಲಿ ಸುತ್ತಿ ಬದಿಗಿಟ್ಟ.

ಎರಡು ದಿನ ಕೆಲಸ ಮಾಡಿದ. ತುಕ್ಕು ಕೆರೆದು ಬಣ್ಣ ಬಳಿದ, ತೂತಿನ ಅಂಚು ಉಜ್ಜಿ ನುಣ್ಣಗೆ ಮಾಡಿದ, ಸ್ಪೀಕರು ಕೂರಲು ಕಟ್ಟಿಗೆಯ ಬಳೆ ಕೊರೆದ, ತಗಡು ಗಡಗಡ ಅನ್ನದಂತೆ ದಪ್ಪ ಹಾಳೆ ಅಂಟಿಸಿದ. ಬ್ಯಾಟರಿಯ ಮಗ್ಗುಲಲ್ಲೇ ಫ್ಯೂಜು ಹಾಕಿ ಹೊಸ ವಾಯರು ಎಳೆದ. ಒಂದೊಂದು ಜೋಡಣೆಗೂ ಬೆಸುಗೆ ಹಾಕಿದ. ಮನೆಗೆ ಹೋದಾಗ ಹೆಂಡತಿ ಜಮಾಲಬಿ ಬಡಿಸಿದ ರೊಟ್ಟಿಯನ್ನು ಮುಟ್ಟಲಿಲ್ಲ. ಮೈಗೆ ಆರಾಮಿಲ್ಲ ಎಂದು ಹೇಳಿ ಎದ್ದುಬಿಟ್ಟ.

ಮೂರನೆಯ ದಿನ ಬೆಳಿಗ್ಗೆ ಸ್ಟೀರಿಯೊ ಹಚ್ಚಿದರು. ದುರ್ಗವ್ವ ಮಂಚದ ಮೇಲೆ ಕುಳಿತು ಒಂದು ತತ್ವಪದ ಪೂರ್ತಿ ಕೇಳಿದಳು.

“ಹಾಡಾಂವ ಉಸಿರು ಎಳಕೊಳ್ಳೂದೂ ಕೇಳತೈತಲ್ರಿ!” ಎಂದಳು. “ನಿಮ್ಮ ಕೈ ಎಲ್ಲಿ, ಆ ಹಲ್ಕಟ್ ಯುನೂಸನ ಕೈ ಎಲ್ಲಿ.”

ದಾವೂದಸಾಬನಿಗೆ ಇನ್ನು ತಡೆಯಲಾಗಲಿಲ್ಲ. “ಅಕ್ಕಾರ, ಅದೂ ನನ್ನ ಕೈನ ಐತ್ರಿ,” ಎಂದ. “ಯುನೂಸನ ಹೆಸರು ಸುಳ್ಳ ಹೇಳಿದೆ. ಸ್ಪೀಕರಿನ ಹಿಂದ ನನ್ನ ಗುರುತು ಇತ್ತು. ನೀವು ಚಾ ಕುಡಿಲಿಕ್ಕೆ ಹೋದಾಗ ಕೆರೆದು ತಗದೆ.”

ಹನಮಂತಪ್ಪ ಕೈ ಚಾಚಿ ಸ್ಟೀರಿಯೊ ಬಂದ್ ಮಾಡಿದ.

“ಎಲ್ಲಾ ಬಿಚ್ರಿ,” ಎಂದ.

“ಅಣ್ಣಾರ, ಈ ಸಲ ಎಲ್ಲಾ ಚೊಲೋತ್ನಂಗ…”

“ಬಿಚ್ರಿ ಅಂದೆ. ಒಂದೊಂದು ಜಾಯಿಂಟ್ ನನ್ನ ಕಣ್ಣಿಗೆ ಬೀಳಬೇಕು.”

ದಾವೂದಸಾಬ ಹಾಕಿದ ಹಲಗೆಗಳನ್ನೆಲ್ಲ ಮತ್ತೆ ಬಿಚ್ಚಿದ. ಹನಮಂತಪ್ಪ ಪ್ರತಿ ವಾಯರನ್ನೂ ಹಿಡಿದು ಜಗ್ಗಿ ನೋಡಿದ. ಯಾವುದೂ ಕಿತ್ತು ಬರಲಿಲ್ಲ. ಆದರೂ ಹೋಗುವಾಗ ದುರ್ಗವ್ವ ಅವನ ಕಡೆ ನೋಡಲೂ ಇಲ್ಲ.

ಅಂದು ಮಧ್ಯಾಹ್ನ ದಾವೂದಸಾಬ ಯುನೂಸನ ಅಂಗಡಿಗೆ ಹೋಗಿ ನಡೆದದ್ದನ್ನು ಹೇಳಿದ. ಯುನೂಸ್ ಕೈಯಲ್ಲಿದ್ದ ಕೆಲಸ ಬಿಡಲಿಲ್ಲ.

“ಸುದ್ದಿ ನನಗ ನಿನ್ನೇನ ಬಂತು. ಒಬ್ರು ಕೆಲಸಕ್ಕ ಬಿಟ್ಟ ಗಾಡಿ ವಾಪಸ್ ಒಯ್ದರು,” ಎಂದ. ಆಮೇಲೆ ತಲೆ ಎತ್ತಿದ. “ಆ ವ್ಯಾನ್ ನನಗ ನೆನಪೈತಿ, ಉಸ್ತಾದ್. ಫ್ಯೂಜ್ ತೀರ್ಯಾವು, ಓಡಿಹೋಗಿ ತರ್ತೀನಿ ಅಂದೆ. ‘ಟೈಮಿಲ್ಲ, ಅತ್ತಾಗ ಸರಿ’ ಅಂತ ನೀವ ಹಂಗ ಕೂಡಿಸಿದ್ರಿ. ಮರುದಿನದಿಂದ ನಾ ಬರಲಿಲ್ಲ. ದುಡ್ಡಿಗೆ ಬಿಟ್ಟೆ ಅಂದ್ರಿ. ನಿಮ್ಮ ಕೆಲಸ ನೋಡಿ ಹೇಸಿಕಿ ಬಂದು ಬಿಟ್ಟೆ.”

ದಾವೂದಸಾಬ ಅಲ್ಲಿಂದ ನೇರ ಚಹಾದಂಗಡಿಗೆ ಹೋಗಿ, ಬೆಂಚಿನ ಮೇಲೆ ಕುಳಿತವರ ಮುಂದೆ ನಿಂತು, ಆ ಹೊಲಸು ಕೆಲಸ ತನ್ನದು, ಯುನೂಸನದಲ್ಲ ಎಂದು ಗಟ್ಟಿಯಾಗಿ ಹೇಳಿದ. ಇಬ್ಬರು ನಕ್ಕರು. ಒಬ್ಬ ಎದ್ದು ಹೋದ. ಅವನ ಟೆಂಪೊಗೂ ದಾವೂದಸಾಬನೇ ಸ್ಪೀಕರು ಕೂಡಿಸಿದ್ದ.

ಯುನೂಸ್ ಈಗಲೂ ಅವನ ಜೊತೆ ಮಾತಾಡುವುದಿಲ್ಲ. ‘ಒಂದೇ ತಾಸಿನ’ ಆ ವರ್ಷ ತಾನು ಕೆಲಸ ಮಾಡಿದ ಗಾಡಿಗಳನ್ನು ಪುಗಸಟ್ಟೆ ಬಿಚ್ಚಿ ಸರಿ ಮಾಡಿಕೊಡುತ್ತೇನೆಂದು ದಾವೂದಸಾಬ ಅಂಗಡಿಯ ಬಾಗಿಲಿಗೆ ಬರೆದು ಹಚ್ಚಿದ್ದಾನೆ. ಇಲ್ಲಿಯವರೆಗೆ ಹನ್ನೊಂದು ಬಂದಿವೆ. ಬಿಚ್ಚಿದಾಗಲೆಲ್ಲ ಹೇಸಿಗೆ ತಡೆಯದೆ ಮೊದಲು ಹೊರಗೆ ಹೋಗಿ ನಿಂತು ಬರುತ್ತಾನೆ, ಆಮೇಲೆ ಕೆಲಸಕ್ಕೆ ಕೂರುತ್ತಾನೆ. ಬಂದವುಗಳಲ್ಲಿ ಮೂರಕ್ಕೆ ಫ್ಯೂಜು ಇರಲಿಲ್ಲ. ಆ ವರ್ಷದ ಒಂದು ಜೀಪು ಮಾತ್ರ ಬೆಣ್ಣೆಹಳ್ಳದ ಆಚೆ ಯಾರಿಗೋ ಮಾರಾಟವಾಗಿದೆಯಂತೆ. ಅದನ್ನು ಇನ್ನೂ ಹುಡುಕುತ್ತಿದ್ದಾನೆ.