ಗಂಜಿಯಕ್ಕನ ಉಪ್ಪುನೀರು

ದ್ವೀಪಕ್ಕೆ ಹೋಗುವವರೆಲ್ಲ ಆ ಊರನ್ನು ದಾಟಿಕೊಂಡೇ ಹೋಗಬೇಕು. ಆದರೆ ಅಲ್ಲೊಂದು ಊರಿದೆ ಎಂಬುದು ಅವರಲ್ಲಿ ಒಬ್ಬರ ತಲೆಗೂ ಹೋಗುವುದಿಲ್ಲ. ತಿರುವಿನಲ್ಲಿ ಬಸ್ಸು ನಿಧಾನವಾಗುತ್ತದೆ, ಹಗ್ಗದ ಮೇಲೆ ಸಾಲಾಗಿ ಒಣಗುವ ಬಿಳಿ ಬೆಡ್‌ಶೀಟುಗಳು ಕಾಣುತ್ತವೆ, ಯಾರೋ ಕಿಟಕಿಯಿಂದ ಫೋಟೋ ಹೊಡೆಯುತ್ತಾರೆ, ಅಷ್ಟರಲ್ಲಿ ಜೆಟ್ಟಿ ಬಂದುಬಿಡುತ್ತದೆ. ದ್ವೀಪದ ಬಾವಿಗಳೆಲ್ಲ ಉಪ್ಪು. ಸೋಪು ಉಜ್ಜಿದರೆ ನೊರೆಯೇ ಏಳುವುದಿಲ್ಲ. ಹಾಗಾಗಿ ಅಲ್ಲಿನ ಲಾಡ್ಜುಗಳ ಬಟ್ಟೆಯೆಲ್ಲ ಗಂಟು ಕಟ್ಟಿಸಿಕೊಂಡು ಬೆಳಗಿನ ಲಾಂಚಿನಲ್ಲಿ ಈ ಊರಿಗೆ ಬರುತ್ತದೆ, ಸಿಹಿನೀರಲ್ಲಿ ತೊಳೆಸಿಕೊಂಡು, ಇಸ್ತ್ರಿ ಹಾಕಿಸಿಕೊಂಡು ಹಿಂದಿರುಗುತ್ತದೆ. ಎಂಥೆಂಥ ದೊಡ್ಡ ಮನುಷ್ಯರು ಮಲಗುವುದೂ ಈ ಊರಿನವರು ತಿಕ್ಕಿದ ಬಟ್ಟೆಯ ಮೇಲೆಯೇ. ಆದರೂ ಊರಿಗೆ ಒಂದು ಬೋರ್ಡು ಹಾಕಿಸುವ ಪುಣ್ಯಾತ್ಮ ಇನ್ನೂ ಹುಟ್ಟಿಲ್ಲ.

ಬಟ್ಟೆ ತೊಳೆಯುವವರಲ್ಲಿ ಹಿರಿಯಳು ಗಂಜಿಯಕ್ಕ. ಅವಳು ಗಂಜಿ ಹಾಕಿ ಇಸ್ತ್ರಿ ಮಾಡಿದ ಬೆಡ್‌ಶೀಟನ್ನು ಬಿಡಿಸಿದರೆ ಹಪ್ಪಳ ಮುರಿದಂತೆ ಸದ್ದಾಗುತ್ತಿತ್ತು. ತನ್ನ ಕುತ್ತಿಗೆಗೂ ಅದೇ ಗಂಜಿ ಹಾಕಿಕೊಂಡಿದ್ದಾಳೆ ಎಂದು ಊರಿನವರು ಅವಳ ಬೆನ್ನ ಹಿಂದೆ ನಗುತ್ತಿದ್ದರು; ಎದುರಿಗೆ ಹೇಳುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ಅವಳಿಗೆ ಇದ್ದವಳು ಒಬ್ಬಳೇ ತಂಗಿ. ತಾಯಿ ಹೋದ ಮೇಲೆ ಎತ್ತಿ ಆಡಿಸಿ ಬೆಳೆಸಿದವಳು ಇವಳೇ ಆದ್ದರಿಂದ ತಂಗಿ ಅನ್ನುವುದಕ್ಕಿಂತ ಮಗಳು ಅನ್ನುವುದೇ ಸರಿ.

ಆ ತಂಗಿ ದ್ವೀಪದ ದೊಡ್ಡ ಲಾಡ್ಜಿನಲ್ಲಿ ಕೋಣೆ ಗುಡಿಸಿ ಹಾಸಿಗೆ ಹಾಸುವ ಕೆಲಸಕ್ಕೆ ಸೇರಿದ್ದಳು. ನಗುಮುಖದ ಹುಡುಗಿ. ಒಂದು ದಿನ ಅಲ್ಲಿ ಉಳಿದಿದ್ದ ಹೆಂಗಸೊಬ್ಬಳ ಚಿನ್ನದ ಸರ ಕಾಣೆಯಾಯಿತು. ಲಾಡ್ಜಿನ ಯಜಮಾನ ಹಿಂದೆ ಮುಂದೆ ನೋಡಲಿಲ್ಲ. ಸಂಜೆಯ ಲಾಂಚಿನಲ್ಲಿ ಮನೆಗೆ ಹೊರಟು ಬಂದವಳನ್ನು ಈಚೆ ದಡದ ಜೆಟ್ಟಿಯ ತನಕ ಹಿಂಬಾಲಿಸಿ ಬಂದು, ಅಷ್ಟು ಜನರ ಎದುರಿಗೆ ನಿಲ್ಲಿಸಿ, ಅವಳ ಚೀಲವನ್ನು ಹಲಗೆಯ ಮೇಲೆ ಸುರಿಸಿದ. ಬಾಚಣಿಗೆ, ಊಟದ ಡಬ್ಬಿ, ಒಳ ಉಡುಪು ಎಲ್ಲವೂ ಜನರ ಕಾಲಬುಡಕ್ಕೆ ಬಿದ್ದವು. ಸರ ಸಿಗಲಿಲ್ಲ. "ಎಲ್ಲೋ ಸಾಗಿಸಿರ್ತಾಳೆ, ಇವರ ಜಾತಕ ನಂಗೊತ್ತಿಲ್ವಾ," ಎಂದು ಹೇಳಿ ಅದೇ ಲಾಂಚು ಹತ್ತಿ ಹೋದ.

ಆ ಸರ ಸಿಕ್ಕಿದ್ದು ಗಂಜಿಯಕ್ಕನ ಕೈಗೇ. ಮಾರನೆಯ ದಿನ ಬಂದ ಲಾಡ್ಜಿನ ಗಂಟು ಬಿಚ್ಚಿ ಬೆಡ್‌ಶೀಟು ಕೊಡವಿದಾಗ ಟಣ್ಣನೆ ಕಲ್ಲಿನ ಮೇಲೆ ಬಿತ್ತು. ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು, ಒದ್ದೆ ಬಟ್ಟೆಯಲ್ಲೇ ದ್ವೀಪಕ್ಕೆ ಹೋಗಿ ಯಜಮಾನನ ಮೇಜಿನ ಮೇಲಿಟ್ಟಳು.

"ಜೆಟ್ಟಿಗೆ ಬಂದು ನನ್ನ ತಂಗಿ ಕದ್ದಿಲ್ಲ ಅಂತ ಒಂದು ಮಾತು ಹೇಳಿ ಯಜಮಾನ್ರೇ."

"ಸಿಕ್ತಲ್ಲ, ಮುಗೀತು ಬಿಡು. ಅದನ್ನೆಲ್ಲ ಮತ್ತೆ ಕೆದಕಿದ್ರೆ ನನ್ನ ಲಾಡ್ಜಿನ ಹೆಸರು ಕೆಡುತ್ತೆ," ಎಂದ ಆ ಮಹಾನುಭಾವ.

ಮುಗಿಯಲಿಲ್ಲ. ತಂಗಿ ಕದ್ದಳು, ಅಕ್ಕ ಹೆದರಿ ತಂದುಕೊಟ್ಟಳು ಎಂದು ಸುದ್ದಿ ಹಬ್ಬಿತು. ಅದು ಯಜಮಾನನ ಕಿವಿಗೂ ಬಿತ್ತು. ಅವನು ಅಲ್ಲ ಎನ್ನಲಿಲ್ಲ, ಹೌದು ಎನ್ನಲಿಲ್ಲ, ಕೈ ತೊಳೆದುಕೊಂಡ. ತಂಗಿ ಅಂದಿನಿಂದ ಬಟ್ಟೆ ಒಣಗಿಸುವ ಹಗ್ಗ ದಾಟಿ ರಸ್ತೆಗೆ ಕಾಲಿಡಲಿಲ್ಲ. ಒಳಗೆ ಕೂತು ಇಸ್ತ್ರಿ ಹಾಕುವಳು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವಳು. ನೋಡಲು ಬಂದ ಗಂಡಿನ ಕಡೆಯವರು ಊರ ಬಾಗಿಲಿನಿಂದಲೇ ವಾಪಸಾದರು.

ಗಂಜಿಯಕ್ಕ ಅತ್ತಳೇ? ಅಳುವ ಜಾತಿಯಲ್ಲ ಅವಳು. ಅದೇ ಲಾಡ್ಜಿನ ಬಟ್ಟೆಯನ್ನು ಮತ್ತೆ ತೊಳೆಯಲು ಒಪ್ಪಿಕೊಂಡಳು. ಊರವರು ಥೂ ಎಂದರು, ಮಾನ ಮರ್ಯಾದೆ ಇಲ್ಲದವಳು ಎಂದರು. ಅನ್ನಲಿ ಎಂದು ಸುಮ್ಮನಿದ್ದಳು. ಲಾಡ್ಜಿನ ಬೆಡ್‌ಶೀಟುಗಳ ಮೂಲೆಯಲ್ಲಿ ಕೆಂಪು ದಾರದ ಗುರುತಿರುತ್ತಿತ್ತು. ಅವನ್ನು ಎಲ್ಲರ ಬಟ್ಟೆಯಂತೆಯೇ ಸಿಹಿನೀರಲ್ಲಿ ಕುದಿಸುವಳು, ತಿಕ್ಕುವಳು, ಬೆಳ್ಳಗೆ ಮಾಡುವಳು. ಕೊನೆಯ ಸಲ ಜಾಲಿಸುವುದು ಮಾತ್ರ ಮನೆಯ ಹಿಂದೆ ಕಡಲು ನುಗ್ಗುವ ಹಳ್ಳದ ನೀರಲ್ಲಿ. ಆಮೇಲೆ ಗಂಜಿ, ಬಿಸಿಲು, ಕಾದ ಇಸ್ತ್ರಿ.

ಉಪ್ಪುನೀರು ಕುಡಿದ ಬಟ್ಟೆಯ ಗುಣ ಕಡಲ ಪಕ್ಕದವರಿಗೆ ಗೊತ್ತು. ಬಿಸಿಲಲ್ಲಿ ಗರಿಗರಿ, ಕತ್ತಲಾದ ಮೇಲೆ ಗಾಳಿಯಲ್ಲಿರುವ ನೀರನ್ನೆಲ್ಲ ಹೀರಿ ತೇವ. ಹಗಲು ಕೋಣೆ ನೋಡಿದವರು ಆಹಾ ಎನ್ನುವರು. ರಾತ್ರಿ ಮಲಗಿದವರಿಗೆ ಬೆನ್ನು ತಣ್ಣಗೆ, ಮೈ ಕಡಿತ, ಪಕ್ಕದಲ್ಲಿ ಮಲಗಿದ ಮಗುವಿನ ಮೇಲೆ ಅನುಮಾನ. ಬೆಳಿಗ್ಗೆ ಜಗಳ ಮಾಡಿ ಪಕ್ಕದ ಲಾಡ್ಜಿಗೆ ಹೋಗುವರು. ಯಜಮಾನ ತಲೆಗೆ ಹುಳ ಬಿಟ್ಟುಕೊಂಡ. ಹಾಸಿಗೆಗಳನ್ನು ಬದಲಿಸಿದ, ಚಾವಣಿ ಕೀಳಿಸಿ ಹೊಸದು ಹಾಕಿಸಿದ, ಗೋಡೆಗೆ ಎಂಥದೋ ಬಣ್ಣ ಬಳಿಸಿದ. ಪ್ರತಿ ಸುದ್ದಿಯನ್ನೂ ಲಾಂಚಿನವರು ತಂದು ಹೇಳಿದಾಗ ಗಂಜಿಯಕ್ಕ "ಅಯ್ಯೋ ಪಾಪ" ಎನ್ನುವಳು. ಒಳಗೆ ಹೋಗಿ ಆ ಸುದ್ದಿಯನ್ನು ಬಾಯಿ ಚಪ್ಪರಿಸಿಕೊಂಡು ತಂಗಿಗೆ ಹೇಳುವಳು. ತಂಗಿ ಇಸ್ತ್ರಿಯಿಂದ ಕಣ್ಣೆತ್ತುತ್ತಿರಲಿಲ್ಲ.

ವರ್ಷಗಳು ಹೀಗೇ ಉರುಳಿದವು. ಸೇಡು ತೀರಿಸಿಕೊಳ್ಳುವವರಿಗೆ ಸಹನೆ ಇರುವುದಿಲ್ಲ ಎಂದು ಯಾರು ಹೇಳಿದರೋ, ಅವರು ಬಟ್ಟೆ ಒಗೆದವರಲ್ಲ. ಕೊನೆಗೆ ಲಾಡ್ಜಿನಲ್ಲಿ ನೊಣ ಹೊಡೆಯಲೂ ಆಳಿಲ್ಲದಂತಾದಾಗ ಯಜಮಾನ ಬಗಲಲ್ಲಿ ಒಂದು ಬೆಡ್‌ಶೀಟು ಇಟ್ಟುಕೊಂಡು ಗಂಜಿಯಕ್ಕನ ಅಂಗಳಕ್ಕೆ ಬಂದ. ಕೂದಲು ನೆರೆತಿತ್ತು, ಸದ್ದೂ ಇಳಿದಿತ್ತು.

"ನಾಲಗೆಗೆ ಇಟ್ಟು ನೋಡ್ದೆ," ಎಂದ. "ಉಪ್ಪು."

ಅಷ್ಟು ದೊಡ್ಡ ಯಜಮಾನ ಬೆಡ್‌ಶೀಟು ನೆಕ್ಕುವ ಚಿತ್ರ ಕಣ್ಣಿಗೆ ಕಟ್ಟಿ ಗಂಜಿಯಕ್ಕನ ಹೊಟ್ಟೆ ತಂಪಾಯಿತು. "ಈಗ ಗೊತ್ತಾಯ್ತಾ? ಪರವಾಗಿಲ್ಲ, ಬೇಗ ಕಲಿತ್ರಿ."

"ಬೇರೆಯವ್ರಿಗೆ ಕೊಡ್ತೀನಿ ಬಟ್ಟೇನ."

"ಕೊಡಿ. ನನ್ನ ಮಾತು ಮೀರಿ ನಿಮ್ಮ ಗಂಟು ಮುಟ್ಟೋರು ಈ ಊರಲ್ಲಿದ್ರೆ ಧಾರಾಳವಾಗಿ ಕೊಡಿ."

ಅವನು ಕಲ್ಲಿನ ಮೇಲೆ ಕುಸಿದು ಕೂತ. "ಏನು ಬೇಕು ನಿಂಗೆ?"

"ಆವತ್ತು ಕೇಳಿದ್ದೇ. ಜೆಟ್ಟಿ ಮೇಲೆ ನಿಂತು, ಲಾಂಚಿನ ಜನದ ಎದುರಿಗೆ, ನನ್ನ ತಂಗಿ ಕದ್ದಿಲ್ಲ ಅಂತ ಬಾಯಿಬಿಟ್ಟು ಹೇಳ್ಬೇಕು. ಹೇಳಿದ್ರೆ ನಾಳೆಯಿಂದ ಸಿಹಿನೀರು."

ಅವನಿಗೆ ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅದನ್ನು ಕಂಡು ಗಂಜಿಯಕ್ಕನಿಗೆ ಅವನ ಕತ್ತು ಹಿಸುಕಬೇಕೆನಿಸಿತು. "ಓ, ಅದಾ," ಎಂದ. "ಅಷ್ಟೇ ತಾನೆ? ಹೇಳಿದ್ರಾಯ್ತು ಬಿಡು."

ಕಷ್ಟವಾದದ್ದು ತಂಗಿಯನ್ನು ಹೊರಡಿಸುವುದೇ. "ಬೇಡ ಅಕ್ಕ. ನಂಗೆ ಹೀಗೇ ಅಭ್ಯಾಸ ಆಗಿದೆ," ಎಂದಳು.

"ಅಭ್ಯಾಸ ಆಗಿದ್ಯಂತೆ, ಅಭ್ಯಾಸ. ಇಷ್ಟು ವರ್ಷ ಉಪ್ಪುನೀರಲ್ಲಿ ಕೈ ಒಡೆಸಿಕೊಂಡಿದ್ದು ಯಾತಕ್ಕೆ ನಾನು? ಅವನು ತಲೆ ತಗ್ಗಿಸೋದನ್ನ ನೀನು ನೋಡ್ಬೇಕು." ಹೊಸ ಹಸಿರು ಬಟ್ಟೆ ಉಡಿಸಿ, ತಲೆ ಬಾಚಿ, ಮದುವಣಗಿತ್ತಿಯನ್ನು ಕರೆದೊಯ್ದಂತೆ ಕೈಹಿಡಿದು ಕರೆದುಕೊಂಡು ಹೋದಳು.

ಜೆಟ್ಟಿಯ ತುಂಬ ಸಂಜೆಯ ಲಾಂಚಿಗೆ ಕಾದವರು. ಯಜಮಾನ ಬೆಂಚಿನ ಪಕ್ಕ ನಿಂತು ಗಂಟಲು ಸರಿಮಾಡಿಕೊಂಡ. ಮಾತಿಗೆ ಮೋಸ ಮಾಡಲಿಲ್ಲ, ಗಟ್ಟಿಯಾಗಿಯೇ ಹೇಳಿದ: ಹಿಂದೆ ನನ್ನ ಲಾಡ್ಜಿನಲ್ಲಿ ಒಂದು ಚಿನ್ನದ ಸರ ಕಳೆದಿತ್ತು, ಇವಳೇ ಕದ್ದಳೆಂದು ಇದೇ ಜಾಗದಲ್ಲಿ ಚೀಲ ಸುರಿಸಿದ್ದೆ, ಇವಳು ಕದ್ದಿರಲಿಲ್ಲ, ತಪ್ಪು ನನ್ನದು. ಕೈಯನ್ನೂ ಮುಗಿದ. ಗಂಜಿಯಕ್ಕನ ಎದೆ ಉಬ್ಬಿತು. ಈ ಗಳಿಗೆಗಾಗಿಯೇ ತಾನು ಬದುಕಿದ್ದು ಎನಿಸಿತು.

ಆಗ ಅವಳು ಜನರ ಕಡೆ ನೋಡಿದಳು. ಅಂದು ಇಲ್ಲಿ ನಿಂತು ನೋಡಿದ್ದವರ ಒಂದು ಮುಖವೂ ಇರಲಿಲ್ಲ. ಅವರೆಲ್ಲ ಅದೇ ಸಂಜೆ ಲಾಂಚು ಹತ್ತಿ, ಬಸ್ಸು ಹತ್ತಿ, ಕಳ್ಳಿಯೊಬ್ಬಳನ್ನು ಕಂಡೆವೆಂಬ ಕಥೆಯನ್ನು ತಮ್ಮ ತಮ್ಮ ಊರಿಗೆ ಹೊತ್ತುಕೊಂಡು ಹೋಗಿಯಾಗಿತ್ತು. ಇವರು ಯಾರೋ ಹೊಸಬರು.

"ಏನಂತೆ ಅದು?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಏನೋ ಕಳ್ಳತನದ ವಿಷ್ಯ. ಚಿನ್ನದ ಸರ ಅಂತೆ."

"ಯಾರು?"

"ಅಗೋ, ಆ ಹಸಿರು ಬಟ್ಟೆಯವಳು."

ಬೆಂಚಿನ ಮೇಲೆ ಕೂತಿದ್ದ ಹೆಂಗಸೊಬ್ಬಳು ತಂಗಿಯನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದಳು. ಪಕ್ಕದಲ್ಲಿಟ್ಟಿದ್ದ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಮೇಲೆ ಎರಡೂ ಕೈ ಇಟ್ಟಳು. ತಂಗಿ ಅದನ್ನು ನೋಡಿದಳು.

ಲಾಂಚು ಬಂತು. ಯಜಮಾನ ಭಾರ ಇಳಿಸಿದವನಂತೆ ಹಗುರವಾಗಿ ಹಲಗೆ ದಾಟಿ ಹತ್ತಿದ, ಯಾರದೋ ಮಾತಿಗೆ ನಕ್ಕದ್ದೂ ಕೇಳಿಸಿತು.

"ಇವರಿಗೆಲ್ಲ ಗೊತ್ತೇ ಇರ್ಲಿಲ್ಲ ಅಕ್ಕ," ಎಂದಳು ತಂಗಿ ಮೆಲ್ಲಗೆ. ಕೋಪದಿಂದ ಹೇಳಿದ್ದರೆ ಗಂಜಿಯಕ್ಕ ತಡೆದುಕೊಳ್ಳುತ್ತಿದ್ದಳು. ಆವತ್ತು ತಂಗಿಯನ್ನು ಈ ಹಲಗೆಯ ಮೇಲೆ ತಂದು ನಿಲ್ಲಿಸಿದ್ದು ಅವನು. ಇವತ್ತು ತಲೆ ಬಾಚಿ, ಹೊಸ ಬಟ್ಟೆ ಉಡಿಸಿ ತಂದು ನಿಲ್ಲಿಸಿದವಳು ತಾನೇ. ತಂಗಿ ಅವಳ ಕೈಯಿಂದ ತನ್ನ ಕೈ ಬಿಡಿಸಿಕೊಂಡು ಒಬ್ಬಳೇ ಮನೆಯ ಕಡೆ ನಡೆದಳು.